ಪಾಚಿನೊಣದ ಸೋರ್ಚಾ

ನೊಣ ಅಂದರೆ ನನಗೆ ಆಗದು. ಮದುವೆಯಾಗಿ ಈ ದ್ವೀಪಕ್ಕೆ ಬಂದ ಮೊದಲ ಚಳಿಗಾಲದಲ್ಲೇ ಅದನ್ನು ಎಲ್ಲರೆದುರು ಹೇಳಿಬಿಟ್ಟಿದ್ದೆ. ಆಗ ಪಕ್ಕದ ಮನೆಯ ಸೋರ್ಚಾ ನನ್ನ ಕೈ ಹಿಡಿದು ದಡಕ್ಕೆ ಎಳೆದುಕೊಂಡು ಹೋದಳು. ಕೊಳೆಯುತ್ತಿದ್ದ ಕಡಲಪಾಚಿಯ ರಾಶಿಯೊಂದರ ಮುಂದೆ ನನ್ನನ್ನು ಕೂರಿಸಿ, "ಈಗ ಹೇಳು ನೆಲ್, ಇವು ನಿನಗೇನು ಮಾಡಿವೆ?" ಎಂದು ಕೇಳಿದಳು. ಏನೂ ಮಾಡಿರಲಿಲ್ಲ, ನಿಜ. ಆದರೂ ನಾನು ಮೂಗು ಮುಚ್ಚಿಕೊಂಡೇ ಜಗಳಕ್ಕೆ ನಿಂತೆ. ನಮ್ಮ ಗೆಳೆತನ ಶುರುವಾಗಿದ್ದು ಹಾಗೆ.

ಊರಿನವರು ಅವಳನ್ನು ನೊಣದ ಸೋರ್ಚಾ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ದ್ವೀಪದಲ್ಲಿ ಇನ್ನೂ ಇಬ್ಬರು ಸೋರ್ಚಾಗಳಿದ್ದರು, ಒಬ್ಬಳು ಕುಂಟಿ ಸೋರ್ಚಾ, ಇನ್ನೊಬ್ಬಳು ಬೈಗುಳದ ಸೋರ್ಚಾ. "ಮೂವರಲ್ಲಿ ನನ್ನ ಹೆಸರೇ ವಾಸಿ" ಎಂದು ಇವಳು ನಗುತ್ತಿದ್ದಳು. ಎತ್ತರದ ಆಳು, ಗಂಡಸಿನ ಬೂಟು, ತಲೆಗೆ ಸದಾ ಅದೇ ಹಸಿರು ವಸ್ತ್ರ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ಒಂದು ಮನೆ, ಒಂದು ಕತ್ತೆ, ಕಲ್ಲುಗೋಡೆಯ ನಡುವಿನ ಒಂದು ಆಲೂಗಡ್ಡೆ ತೋಟ ಅವಳ ಪಾಲಿಗೆ ಉಳಿದಿದ್ದವು.

ನೊಣದ ಹುಚ್ಚು ಹತ್ತಿದ್ದು ಬಾಲ್ಯದಲ್ಲಿ. ಅಪ್ಪ ಪಾಚಿ ತುಂಬುವಾಗ ಕತ್ತೆಯನ್ನು ಹಿಡಿದು ನಿಲ್ಲುವುದು ಅವಳ ಕೆಲಸ. ಚಳಿಗೆ ಕಾಲು ಮರಗಟ್ಟಿದಾಗ ಹಳೆಯ ಪಾಚಿರಾಶಿಯೊಳಗೆ ಪಾದ ತೂರಿಸಿ ನಿಲ್ಲುತ್ತಿದ್ದಳಂತೆ. ಹೊರಗೆ ಬಂಡೆಯ ಮೇಲೆಲ್ಲ ಹಿಮದ ಪುಡಿ, ರಾಶಿಯೊಳಗೆ ಮಾತ್ರ ಒಲೆಯ ಪಕ್ಕದಷ್ಟು ಬಿಸಿ. ಕೊಳೆತ ಪಾಚಿ ತಾನೇ ಕಾಯುತ್ತದೆ, ಬೆಳಗ್ಗೆ ನೋಡಿದರೆ ಅದರಿಂದ ಹಬೆ ಏಳುತ್ತಿರುತ್ತದೆ. ಆ ಬಿಸಿಯಲ್ಲಿ ಅವಳಿಗಿಂತ ಮೊದಲೇ ಮನೆ ಮಾಡಿಕೊಂಡಿದ್ದವು ಈ ನೊಣಗಳು.

ಇವು ಅಡುಗೆಮನೆಯ ನೊಣಗಳಲ್ಲ. ಮೈ ಚಪ್ಪಟೆ, ಯಾರೋ ಹೆಬ್ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ. ಕಾಲಿನ ತುಂಬ ಮುಳ್ಳುಮುಳ್ಳು ರೋಮ. ಹಾರುವುದಕ್ಕಿಂತ ಓಡುವುದೇ ಇಷ್ಟ, ಪಾಚಿಯ ಎಸಳುಗಳ ಸಂದಿಯಲ್ಲಿ ಸರಸರ ನುಗ್ಗಿ ಮಾಯವಾಗುತ್ತವೆ. ನಮ್ಮ ಗಾಳಿಯಲ್ಲಿ ಹಾರಿದರೆ ನೇರ ಅಮೆರಿಕಕ್ಕೇ ಹೋಗಬೇಕಾಗುತ್ತದೆ, ಅಷ್ಟು ಬುದ್ಧಿ ಅವಕ್ಕಿದೆ. ಅಲೆ ಬಂದು ಮುಳುಗಿಸಿದರೂ ಸಾಯುವುದಿಲ್ಲ. ಬುಳುಕ್ಕನೆ ಮೇಲೆ ತೇಲಿ, ಒದ್ದೆಯೇ ಆಗದವರಂತೆ ಎದ್ದು ನಡೆಯುತ್ತವೆ.

ಗಂಡುನೊಣಗಳ ವಿಚಾರ ಹೇಳುವಾಗ ಸೋರ್ಚಾಳ ಕಣ್ಣು ಹೊಳೆಯುತ್ತಿತ್ತು. ಅವಕ್ಕೆ ಮೀನ ಮೇಷ ಎಣಿಸಿ ಗೊತ್ತಿಲ್ಲ, ಕಂಡವರ ಬೆನ್ನೇರುತ್ತವೆ. ಹೆಣ್ಣು ಸುಮ್ಮನಿರುವುದಿಲ್ಲ. ಮೈ ಕೊಡವಿ, ಹಿಂಗಾಲಲ್ಲಿ ಒದ್ದು, ಹೊಟ್ಟೆಯ ತುದಿಯನ್ನು ಕೆಳಕ್ಕೆ ಮಡಚಿ ಕೂರುತ್ತದೆ. ದೊಡ್ಡ ಗಂಡು ಹಿಡಿತ ಬಿಡದೆ ಜಗ್ಗಾಡುತ್ತದೆ, ಸಣ್ಣದು ಉರುಳಿ ಬೀಳುತ್ತದೆ. "ಒಂದೇ ತಾಯಿಯ ಮಕ್ಕಳು ನೋಡು" ಎನ್ನುತ್ತಿದ್ದಳು. "ಹುಳುವಾಗಿದ್ದಾಗ ಹೊಟ್ಟೆತುಂಬ ಸಿಕ್ಕಿದ್ದು ಹೀಗೆ ರೋಮ ಬೆಳೆಸಿಕೊಂಡು ಪೈಲ್ವಾನ ಆಗುತ್ತೆ. ಸಿಗದೆ ಇದ್ದದ್ದು ಇರುವೆಯಷ್ಟಾಗುತ್ತೆ. ಆದ್ರೆ ಆ ಬಡಕಲು ಬೇಗ ಹೊರಗೆ ಬರುತ್ತೆ ಕಣೇ. ಪೈಲ್ವಾನ ಇನ್ನೂ ತಿಂತಾ ಕೂತಿರ್ತಾನೆ, ಅಷ್ಟರಲ್ಲಿ ಉಬ್ಬರ ಬಂದ್ರೆ ಅವನ ಕಥೆ ಮುಗೀತು."

ಅವುಗಳ ಬದುಕಿಗೆ ಚಂದ್ರನೇ ಯಜಮಾನ. ಹುಣ್ಣಿಮೆಗೋ ಅಮಾವಾಸ್ಯೆಗೋ ಬರುವ ದೊಡ್ಡ ಉಬ್ಬರ ಪಾಚಿಯನ್ನು ತಂದು ದಡದ ಮೇಲೆ ಎಸೆಯುತ್ತದೆ. ನೊಣ ಓಡಿಬಂದು ಮೊಟ್ಟೆಯಿಡುತ್ತದೆ. ಇನ್ನೊಂದು ದೊಡ್ಡ ಉಬ್ಬರ ಬಂದು ರಾಶಿಯನ್ನು ಎಳೆದೊಯ್ಯುವುದರೊಳಗೆ ಮೊಟ್ಟೆ ಒಡೆದು, ಹುಳು ತಿಂದು ಬೆಳೆದು, ಕಂದು ಕೋಶದೊಳಗೆ ಮಲಗಿ, ರೆಕ್ಕೆ ಬಂದು ಏಳಬೇಕು. ಎದ್ದರೆ ಬದುಕು, ಇಲ್ಲದಿದ್ದರೆ ಮೀನಿನ ಹೊಟ್ಟೆ. ಈ ನಡುವೆ ಹುಳುಗಳು ಆ ಚರ್ಮದಂಥ ಪಾಚಿಯ ಕೊಳೆಯನ್ನು ತಿಂದು, ಕಲಸಿ, ಗಂಜಿ ಮಾಡಿಬಿಡುತ್ತವೆ. ಆ ಗಂಜಿಯೇ ನಮ್ಮ ಆಲೂಗಡ್ಡೆಗೆ ಅನ್ನ.

ಯಾಕೆಂದರೆ ಈ ದ್ವೀಪ ಬರೀ ಬಂಡೆ. ದೇವರು ಮಣ್ಣು ಹಂಚುವಾಗ ನಮ್ಮವರು ದೋಣಿಯಲ್ಲಿದ್ದಿರಬೇಕು. ಮರಳು ಹೊತ್ತು, ಪಾಚಿ ಹೊತ್ತು, ಮೇಲೊಂದು ಪದರ ಮತ್ತೆ ಹಾಸಿ ನಮ್ಮ ನೆಲವನ್ನು ನಾವೇ ಮಾಡಿಕೊಳ್ಳಬೇಕು. ಹಾಗಾಗಿ ಒಂದೊಂದು ಮನೆಗೂ ದಡದಲ್ಲಿ ಒಂದೊಂದು ತುಂಡು ಹಕ್ಕಿನದು. ಕಡಲು ಯಾರ ತುಂಡಿನಲ್ಲಿ ಎಸೆದರೆ ಅವರ ಪಾಚಿ. ಗುಡ್ಡೆ ಹಾಕಿ ಮೇಲೊಂದು ಕಲ್ಲಿಟ್ಟರೆ ಮುಗಿಯಿತು, ಅದು ಇಟ್ಟವರದ್ದು. ಕಲ್ಲಿಟ್ಟ ಗುಪ್ಪೆಯನ್ನು ಮುಟ್ಟಿದವನನ್ನು ನಾನಂತೂ ಕಂಡಿಲ್ಲ. ಇಟ್ಟವನು ಸತ್ತರೂ ಅದು ಅಲ್ಲೇ ಕೊಳೆತು ಹುಲ್ಲಾಗುತ್ತದೆಯೇ ಹೊರತು ಯಾರೂ ಕೈ ಹಾಕರು. ಬಾಗಿಲಿಗೆ ಬೀಗ ಹಾಕದ ಊರು ನಮ್ಮದು, ಆದರೆ ಆ ಕಲ್ಲು ಬೀಗಕ್ಕಿಂತ ಗಟ್ಟಿ.

ಸೋರ್ಚಾಳ ತುಂಡಿಗೂ ಅವಳ ನೆರೆಯ ಮಾಕ್‌ದಾರಾನ ತುಂಡಿಗೂ ನಡುವೆ ಗಡಿಯಾಗಿ ಒಂದು ದೊಡ್ಡ ಬಂಡೆ ಇತ್ತು. ಒಂದು ಚಳಿಗಾಲದ ಬಿರುಗಾಳಿ ಆ ಬಂಡೆಯನ್ನೇ ಉರುಳಿಸಿಕೊಂಡು ಹೋಯಿತು. ಅದು ಎಲ್ಲಿತ್ತು ಎಂಬುದರ ಮೇಲೆ ಇಬ್ಬರ ಅಪ್ಪಂದಿರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಾಚಿ ಬೀಳುವ ಕೊಲ್ಲಿ ಪೂರ್ತಿ ಮಾಕ್‌ದಾರಾನ ಮನೆಯವರ ಕಡೆ ಸೇರಿತು, ಸೋರ್ಚಾಳ ಮನೆಗೆ ನುಣುಪು ಬಂಡೆಗಳಷ್ಟೇ ಉಳಿದವು. ಅಪ್ಪಂದಿರು ಮಣ್ಣು ಸೇರಿದರು, ಮಾತು ಬಿಟ್ಟಿದ್ದು ಮಾತ್ರ ಮಕ್ಕಳಿಗೆ ಆಸ್ತಿಯಾಗಿ ಬಂತು. ಇಪ್ಪತ್ತು ವರ್ಷ. ಒಂದೇ ದಾರಿ, ಒಂದೇ ಬಾವಿ, ಎದುರಾದರೆ ಇಬ್ಬರೂ ಆಕಾಶ ನೋಡುವುದು. ಮಾಕ್‌ದಾರಾ ಕೆಟ್ಟವನಲ್ಲ. ಒಂಟಿಗ, ಮಾತಿಗೆ ಬಡವ. ಅಂಗಡಿಯಲ್ಲಿ ಸಕ್ಕರೆ ಕೇಳಲೂ ಟೋಪಿ ತೆಗೆದು ಕೆಮ್ಮಿಕೊಳ್ಳುವವ.

ಪಾಚಿ ಇಲ್ಲದ ತೋಟ ವರ್ಷದಿಂದ ವರ್ಷಕ್ಕೆ ಸೊರಗಿತು. ಇಲ್ಲೊಂದು ಬುಟ್ಟಿ ಅಲ್ಲೊಂದು ಬುಟ್ಟಿ ಬೇಡಿ ತರುತ್ತಿದ್ದಳು. ಒಂದು ವರ್ಷ ಅಗೆದಾಗ ಸಿಕ್ಕಿದ್ದು ಗೋಲಿಯಂಥ ಗಡ್ಡೆಗಳು. ಅವನ್ನು ನನ್ನ ಮೇಜಿನ ಮೇಲೆ ಸುರಿದು, "ಕೋಳಿಗೆ ಹಾಕು" ಎಂದಳು. ಆಮೇಲೆ ಕುರ್ಚಿ ಎಳೆದು ಕೂತು ಹೇಳಿದಳು, "ನೆಲ್, ಬರೋ ವಸಂತದಲ್ಲಿ ತೋಟಕ್ಕೆ ತುಂಬಾ ಗೊಬ್ಬರ ಬೀಳಲಿಲ್ಲ ಅಂದ್ರೆ ನಾನು ಬಿತ್ತಲ್ಲ. ಬಾಗಿಲು ಹಾಕ್ಕೊಂಡು ಆಚೆ ದಡದ ಗಾಲ್ವೇಗೆ, ತಂಗಿ ಮನೆಗೆ ಹೋಗ್ತೀನಿ. ಅವಳು ಹಿಂದುಗಡೆ ಕೋಣೆ ಖಾಲಿ ಮಾಡಿಟ್ಟಿದಾಳೆ."

"ಗಾಲ್ವೇಲಿ ನೊಣ ಎಲ್ಲಿ ಸಿಗುತ್ತೆ ನಿನಗೆ?" ಎಂದು ಚುಡಾಯಿಸಿದೆ.

ಅವಳು ನಗಲಿಲ್ಲ. "ನಾನೂ ಅವುಗಳ ಹಾಗೇ ಅಲ್ವಾ? ರಾಶಿ ಇದ್ರೆ ಇದ್ದೆ, ಇಲ್ಲಾಂದ್ರೆ ಉಬ್ಬರ ಎಳ್ಕೊಂಡು ಹೋಗುತ್ತೆ."

ಅವಳು ಹೋದಮೇಲೆ ನಾನು ಅತ್ತೆ. ನನ್ನ ಗಂಡ ಫೆಸ್ಟಿ ಬಂದು ಏನೆಂದು ಕೇಳಿದ, ಹೇಳಿದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಫೆಸ್ಟಿಗೆ ಗುಟ್ಟು ಹೇಳುವುದೂ ಒಂದೇ, ಚರ್ಚಿನ ಗಂಟೆ ಹೊಡೆಯುವುದೂ ಒಂದೇ. ಅದು ಗೊತ್ತಿದ್ದೂ ಹೇಳಿದೆನಲ್ಲ, ನನಗೆ ಬುದ್ಧಿ ಯಾವಾಗ ಬರುವುದೋ.

ಫೆಬ್ರವರಿ ಮೊದಲಲ್ಲಿ ಬರುವ ಸಂತ ಬ್ರಿಜಿಡಳ ಹಬ್ಬದ ಹಿಂದೆಯೇ ಬಿರುಗಾಳಿ ಎದ್ದಿತು. ಅದು ಇಳಿದ ಮೇಲೆ ನೋಡಿದರೆ ಕೊಲ್ಲಿಯ ತುಂಬ ಮೊಣಕಾಲುದ್ದ ಪಾಚಿ, ಎಲ್ಲ ಮಾಕ್‌ದಾರಾನ ಪಾಲಿನದು. ಅವನು ಬೆಳಗಿನಿಂದ ಸಂಜೆಯವರೆಗೆ ಕತ್ತೆಯ ಜೊತೆ ತಾನೂ ಒಂದು ಕತ್ತೆಯಾಗಿ ಹೊತ್ತ. ಆದರೆ ತನ್ನ ತೋಟಕ್ಕಲ್ಲ. ಸೋರ್ಚಾಳ ಮನೆಯ ಕೆಳಗೆ, ಅವಳ ಹುಲ್ಲುದಂಡೆಯ ಮೇಲೆ, ಉಬ್ಬರ ತಲುಪದ ಜಾಗದಲ್ಲಿ ಆಳೆತ್ತರದ ಗುಪ್ಪೆ ಹಾಕಿದ. ಮೇಲೆ ಒಂದು ಚಪ್ಪಟೆ ಕಲ್ಲನ್ನು ಹೆಗಲ ಮೇಲೆ ತಂದು ಕೂರಿಸಿದ. ಇಡೀ ಊರು ನೋಡಿತು.

ಸೋರ್ಚಾ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳುಚಿತ್ತು. "ನೋಡಿದ್ಯಾ?" ಎಂದಳು. "ನಾನು ಹೋಗೋ ಸುದ್ದಿ ಎಲ್ಲಿಂದಲೋ ಕಿವಿಗೆ ಬಿದ್ದಿದೆ. ನಾನಿನ್ನೂ ಬಾಗಿಲು ಹಾಕಿಲ್ಲ, ಆಗಲೇ ನನ್ನ ನೆಲದ ಮೇಲೆ ಕಲ್ಲಿಟ್ಟ. ಅಪ್ಪ ದಡ ತಗೊಂಡ, ಮಗ ದಂಡೆ ತಗೊಳ್ತಾನೆ."

"ಹೋಗಿ ಕೇಳೋಣ."

"ನಾನಾ? ಅವನನ್ನಾ? ಅವನ ಕಲ್ಲು, ಅವನೇ ಎತ್ತಲಿ."

ಅಲ್ಲಿಗೆ ಮುಗಿಯಿತು. ಗೊಬ್ಬರಕ್ಕೆ ಬಾಯಿಬಿಡುತ್ತಿದ್ದ ತೋಟ ಮೇಲೆ, ಬೆಟ್ಟದಂಥ ಗೊಬ್ಬರ ಕೆಳಗೆ, ನಡುವೆ ಒಂದು ಕಲ್ಲು. ಕೋಪ ಎಷ್ಟೇ ಇದ್ದರೂ ದಿನಾ ಬೆಳಗ್ಗೆ ಗುಪ್ಪೆಯ ಬಳಿ ಹೋಗುವುದನ್ನು ಅವಳು ಬಿಡಲಿಲ್ಲ. ಮುಟ್ಟುತ್ತಿರಲಿಲ್ಲ. ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ಬಿಸಿ ನೋಡುವಳು. "ಮೊಟ್ಟೆ ಒಡೆದಿದೆ" ಎಂದು ಬಂದು ಹೇಳುವಳು. ಇನ್ನೊಂದು ದಿನ, "ಒಳಗೆ ಹುಳುಗಳು ಕುದೀತಿವೆ ಕಣೇ, ಕಿವಿ ಕೊಟ್ರೆ ಕೇಳುತ್ತೆ." ಕಪ್ಪು ಹಕ್ಕಿಗಳು ಹಿಂಡುಹಿಂಡಾಗಿ ಬಂದು ಅಂಚಿನಲ್ಲಿ ಹುಳು ಹೆಕ್ಕತೊಡಗಿದವು. ಮಾಕ್‌ದಾರಾ ತನ್ನ ಗೋಡೆಯಾಚೆಯಿಂದ ನೋಡುತ್ತಿದ್ದ. ಇವಳು ಬರುತ್ತಾಳೆ, ನೋಡುತ್ತಾಳೆ, ಒಂದು ಹಿಡಿಯನ್ನೂ ಒಯ್ಯದೆ ಹಿಂತಿರುಗುತ್ತಾಳೆ. ಅವನ ಮುಖವೂ ದಿನದಿನಕ್ಕೆ ಸಣ್ಣದಾಯಿತು. ಪಾಚಿ ಮುದುಕಿಯ ಬಾಯಿಯಂತೆ ಕುಸಿಯಿತು, ನಾತ ಮಾತ್ರ ಬೆಳೆಯಿತು.

ಇಷ್ಟರ ನಡುವೆ ಮನೆಪೂಜೆಯ ಸರದಿ ಸೋರ್ಚಾಳಿಗೆ ಬಂತು. ನಮ್ಮಲ್ಲಿ ವಸಂತಕ್ಕೊಮ್ಮೆ ಒಂದೊಂದು ಮನೆಯಲ್ಲಿ ಫಾದರ್ ಪೂಜೆ ಅರ್ಪಿಸುತ್ತಾರೆ, ಕೇರಿಯವರೆಲ್ಲ ಬರುತ್ತಾರೆ, ಮಾತು ಬಿಟ್ಟವರೂ ಬರಲೇಬೇಕು. ಸರದಿ ಬಂದ ಮನೆಯವರು ಹೆಣ್ಣು ನೋಡಲು ಬರುತ್ತಾರೇನೋ ಎಂಬಂತೆ ಸುಣ್ಣ ಬಣ್ಣ ಹಚ್ಚಿ ಕಾಯುತ್ತಾರೆ. "ಕೊನೇ ಸಲ ಚೆನ್ನಾಗಿ ಮಾಡಿ ಹೋಗ್ತೀನಿ" ಎಂದಳು. ಮುಂಚಿತವಾಗಿ ಮನೆ ನೋಡಲು ಬಂದ ಫಾದರ್ ಲಾವೆಲ್ ಒಳಗೆ ಕಾಲಿಡುವ ಮೊದಲೇ ಮೂಗಿಗೆ ಕರವಸ್ತ್ರ ಹಿಡಿದರು.

"ಏನಮ್ಮ ಸೋರ್ಚಾ ಇದು? ಕಡಲಿಗೆ ತಳ್ಳಿಸಬಾರದಾ?"

"ಅದರ ಮೇಲೆ ಕಲ್ಲಿದೆ ಫಾದರ್."

"ಕಲ್ಲಿದ್ದರೆ ಇಳಿಸಿದರಾಯ್ತು."

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫಾದರ್ ಆಚೆ ದಡದವರು, ಬಯಲುಸೀಮೆಯಲ್ಲಿ ದನ ಕಾಯ್ದು ಬೆಳೆದವರು. ನಮ್ಮ ಮುಖ ನೋಡಿ ತಾವೇನೋ ತಪ್ಪು ಹೇಳಿದೆವೆಂದು ತಿಳಿದು, "ಆ ನೊಣಗಳು ಮನೆಯೊಳಗೆ ಬಂದರೆ?" ಎಂದರು.

ಸೋರ್ಚಾ ಸೆಟೆದು ನಿಂತಳು. "ಅವು ಮನೆಗೆ ಬರಲ್ಲ ಫಾದರ್. ಅವಕ್ಕೆ ಅವರ ರಾಶಿಯೇ ಲೋಕ. ಬಂದ್ರೆ ನನ್ನ ಕಿವಿ ಕತ್ತರಿಸಿ."

ಹೇಳಿದ್ದು ಸುಳ್ಳಲ್ಲ. ಅಷ್ಟು ವರ್ಷದಲ್ಲಿ ಒಂದು ಪಾಚಿನೊಣವೂ ಯಾರ ಅಡುಗೆಮನೆಗೂ ಕಾಲಿಟ್ಟಿರಲಿಲ್ಲ. ಆದರೆ ಪೂಜೆಯ ದಿನ ಗಾಳಿ ಪೂರಾ ಬಿದ್ದುಹೋಗಿತ್ತು, ಬಿಸಿಲು ಹತ್ತಿತ್ತು, ನಾತ ಎದ್ದು ಬಂದು ಹೊಸ ಸುಣ್ಣದ ಗೋಡೆಗೆ ಅಂಟಿಕೊಂಡಿತ್ತು. ಸೋರ್ಚಾಳಿಗೆ ಅಳು ಬರುವುದೊಂದು ಬಾಕಿ. ಆಗ ಅವಳಿಗೆ ನೆನಪಾಗಿದ್ದು ಬಾಸ್ಟನ್ನಿನ ಚಿಕ್ಕಮ್ಮ ಎಂದೋ ಕಳಿಸಿದ್ದ ಸೆಂಟಿನ ಬಾಟಲಿ, ಮುಚ್ಚಳವೇ ತೆಗೆಯದೆ ಕಪಾಟಿನಲ್ಲಿತ್ತು. ಪರದೆಗೆ ಚಿಮುಕಿಸಿದಳು. ಪೂಜೆಯ ಮೇಜಿನ ಬಿಳಿ ವಸ್ತ್ರಕ್ಕೆ ಚಿಮುಕಿಸಿದಳು. ನೆಲಕ್ಕೆ, ಕುರ್ಚಿಗೆ, ನನ್ನ ಕತ್ತಿಗೆ, ತನ್ನ ಹಸಿರು ತಲೆವಸ್ತ್ರಕ್ಕೆ. ಬಾಟಲಿ ಖಾಲಿಯಾದಾಗ ಮನೆ ಮದುವಣಗಿತ್ತಿಯ ಪೆಟ್ಟಿಗೆಯ ಹಾಗೆ ಘಮಘಮ ಎನ್ನುತ್ತಿತ್ತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎಲ್ಲರೂ ಬಂದು ಮೊಣಕಾಲೂರಿದರು. ಮಾಕ್‌ದಾರಾ ಬಾಗಿಲ ಹತ್ತಿರ, ಟೋಪಿಯನ್ನು ಹಿಂಡುತ್ತ. ಫಾದರ್ ಶುರು ಮಾಡಿದರು. ಮೊದಲ ನೊಣ ಬಂದು ಬಿಳಿ ವಸ್ತ್ರದ ಮೇಲೆ ಕೂತಾಗ ನಾನು ಅದನ್ನು ನೋಡಲಿಲ್ಲ ಎಂದುಕೊಂಡೆ. ಆಮೇಲೆ ಕಿಟಕಿ ಕತ್ತಲಾಯಿತು. ಬಾಗಿಲಿಂದ, ಹೊಗೆಗೂಡಿನಿಂದ, ಚಾವಣಿಯ ಸಂದಿಯಿಂದ ಬಂದವು. ಪರದೆಯ ಮೇಲೆ ಓಡಿದವು, ಫಾದರ್ ತೋಳಿನ ಮೇಲೆ ಏರಿದವು, ನನ್ನ ಕತ್ತಿನ ಸುತ್ತ ಹಬ್ಬ ಮಾಡಿದವು. ನಾನು ಕಣ್ಣು ಮುಚ್ಚಿ ನನಗೆ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಒಂದರ ಮೇಲೊಂದು ಹೇಳಿಕೊಂಡೆ. ಸೆಂಟಿನ ವಾಸನೆ ಅವಕ್ಕೆ ಹುಚ್ಚು ಹಿಡಿಸುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ದ್ವೀಪದಲ್ಲಿ ಸೆಂಟು ಹಾಕಿದವರೇ ಇರಲಿಲ್ಲ. ಸೋರ್ಚಾಳ ತಲೆವಸ್ತ್ರ ಹಸಿರು ಹೋಗಿ ಕಪ್ಪಾಗಿತ್ತು. ಅವಳು ಅಲುಗಾಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು.

ಫಾದರ್ ಲಾವೆಲ್ ದ್ರಾಕ್ಷಾರಸದ ಬಟ್ಟಲಿನ ಮೇಲೆ ಕೈ ಅಡ್ಡಹಿಡಿದು, ಒಂದು ಪದವನ್ನೂ ಬಿಡದೆ, ಆದರೆ ಮೀನು ಹರಾಜು ಹಾಕುವವರ ವೇಗದಲ್ಲಿ ಪೂಜೆ ಮುಗಿಸಿದರು. "ಶಾಂತಿಯಿಂದ ಹೋಗಿ" ಎಂದಾಗ ಅವರ ಹುಬ್ಬಿನ ಮೇಲೊಂದು ಓಡಾಡುತ್ತಿತ್ತು.

ಯಾರೂ ಹೋಗಲಿಲ್ಲ. ಪೂಜೆಯ ನಂತರದ ಊಟಕ್ಕೆ ರೊಟ್ಟಿ, ಮೊಟ್ಟೆ, ಚಹಾ ಕಾಯುತ್ತಿತ್ತು. ಫೆಸ್ಟಿ ಮೆಲ್ಲನೆ, "ಸೋರ್ಚಾ, ಕತ್ತರಿ ತರ್ಲಾ?" ಎಂದ. ನಾನು ಅವನ ಪಕ್ಕೆಗೆ ತಿವಿದೆ. ನಗು ಶುರುವಾಗುವುದರೊಳಗೆ ಫಾದರ್ ಕುರ್ಚಿಯಿಂದ ಕೇಳಿದರು, "ಸಾಕಪ್ಪ ಸಾಕು. ಆ ಗುಪ್ಪೆ ಯಾರದ್ದು? ಬಾಯಿ ಬಿಟ್ಟು ಹೇಳಿ."

ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯಿತು. ಮಾಕ್‌ದಾರಾ ಕೆಮ್ಮಿದ.

"ಅದು ಸೋರ್ಚಾಳದ್ದು ಫಾದರ್."

ಸೋರ್ಚಾ ತಿರುಗಿದಳು. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ಅದರ ಮೇಲಿನ ಕಲ್ಲು ನಿನ್ನದಲ್ವಾ?"

"ಕಲ್ಲು ನಂದು. ಪಾಚಿ ನಿಂದು."

"ಹಾಗಂದ್ರೇನು?"

"ನಿನ್ನ ಜಾಗದಲ್ಲಿ ಹಾಕಿದೀನಲ್ಲ." ಅವನ ಟೋಪಿ ಇನ್ನು ಹಿಂಡಿದರೆ ಹರಿಯುವಂತಿತ್ತು. "ಬೇರೆಯವ್ರು ಹೊತ್ಕೊಂಡು ಹೋಗ್ಬಾರ್ದು ಅಂತ ಕಲ್ಲಿಟ್ಟೆ. ನೀನು ದಿನಾ ಬಂದು ನೋಡಿ ಸುಮ್ಮನೆ ಹೋಗ್ತಿದ್ದೆ. ನನ್ನ ಕೈಯಿಂದ ಬಂದಿದ್ದು ಬೇಡ ಅಂತಾಯ್ತು ಅಂದ್ಕೊಂಡೆ."

"ನಾನು ಹೋಗ್ತೀನಿ ಅಂತ ನಿನಗೆ ಯಾರು ಹೇಳಿದ್ದು?"

ಮಾಕ್‌ದಾರಾ ಫೆಸ್ಟಿಯನ್ನು ನೋಡಿದ. ಫೆಸ್ಟಿ ಒಂದೇ ಸಲಕ್ಕೆ ಇಡೀ ಮೊಟ್ಟೆಯನ್ನು ಬಾಯಿಗೆ ತುರುಕಿಕೊಂಡ. ನಾನು ಆ ಕ್ಷಣ ನನ್ನ ಗಂಡನ ಬಾಯಿಬಡುಕತನವನ್ನು ಕ್ಷಮಿಸಿದೆ, ಅವನಿಗೆ ಇವತ್ತಿಗೂ ಅದು ಗೊತ್ತಿಲ್ಲ.

"ನಿನಗೆ ಬಾಯಿರಲಿಲ್ವಾ?" ಎಂದಳು ಸೋರ್ಚಾ. "ಬಾಗಿಲು ತಟ್ಟಿ ಇದು ನಿಂಗೆ ಅಂದಿದ್ರೆ ಆಗ್ತಿರಲಿಲ್ವಾ?"

"ಅಷ್ಟು ವರ್ಷ ಆಗೋಗಿತ್ತಲ್ಲ. ಎಲ್ಲಿಂದ ಶುರು ಮಾಡೋದು ಗೊತ್ತಾಗಲಿಲ್ಲ."

ಅವಳು ಸರಕ್ಕನೆ ಹೊರಗೆ ಹೋದಳು. ಸೋರ್ಚಾಳ ಹಟ ನನಗೆ ಗೊತ್ತಿತ್ತು, ಕಲ್ಲನ್ನು ಅವನ ಗೋಡೆಯಾಚೆ ಎಸೆದು ಬಂದರೂ ಬಂದಾಳು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು, ನೊಣಗಳನ್ನು ತಳ್ಳಿ ಜಾಗ ಮಾಡಿಕೊಂಡೆವು. ಗುಪ್ಪೆ ಈಗ ಅವಳ ಸೊಂಟದೆತ್ತರಕ್ಕೆ ಇಳಿದಿತ್ತು. ಕಲ್ಲಿನ ಒಂದು ಅಂಚಿಗೆ ಕೈಹಾಕಿ ನೋಡಿದಳು, ಅದು ಜಗ್ಗಲಿಲ್ಲ. ತಲೆಯೆತ್ತಿ, ಹಿಂದೆ ಬಂದು ದೂರದಲ್ಲೇ ನಿಂತಿದ್ದ ಮಾಕ್‌ದಾರಾನಿಗೆ ಹೇಳಿದಳು, "ಏನು ನೋಡ್ತಾ ನಿಂತಿದ್ದೀಯ? ಆ ಕಡೆ ಹಿಡಿ."

ಇಬ್ಬರೂ ಎತ್ತಿದರು. ಕಲ್ಲಿನಡಿ ಕೋಶಗಳು ಹಾಸಿಕೊಂಡಿದ್ದವು, ಗೋಧಿ ಚೆಲ್ಲಿದ ಹಾಗೆ, ಬಹುಪಾಲು ಖಾಲಿ, ನೊಣಗಳು ಎದ್ದು ಹೋಗಿಯಾಗಿತ್ತು. ಸೋರ್ಚಾ ಕೈಯನ್ನು ಮೊಣಕೈಯವರೆಗೆ ಒಳಗಿಳಿಸಿ ಒಂದು ಹಿಡಿ ತೆಗೆದಳು. ಕಪ್ಪಗೆ, ಮೆತ್ತಗೆ, ಬೆಣ್ಣೆಯಂತಿತ್ತು. ಹಸಿ ಪಾಚಿ ಹಾಕಿದ್ದರೆ ಇಂಥದ್ದು ಆಗುತ್ತಿರಲಿಲ್ಲ. ಇವರಿಬ್ಬರೂ ಮುನಿಸಿಕೊಂಡು ಕೂತಿದ್ದ ಅಷ್ಟೂ ದಿನ ನೊಣದ ಮಕ್ಕಳು ಕೂತಿರಲಿಲ್ಲ, ಕೆಲಸ ಮುಗಿಸಿಟ್ಟಿದ್ದರು. ಅವಳು ಅದನ್ನು ಮಾಕ್‌ದಾರಾನ ಮೂಗಿನ ಹತ್ತಿರ ಹಿಡಿದು, "ನೋಡು, ಇದು ಗೊಬ್ಬರ" ಎಂದು ನಕ್ಕಳು. ಅಳುತ್ತಲೂ ಇದ್ದಳು. ಅವನು ತಲೆಯಾಡಿಸಿದ, ಅವನ ಕಣ್ಣೂ ಒದ್ದೆ.

ಗಂಡಸರು ಕೋಟು ಬಿಚ್ಚಿದರು. ಭಾನುವಾರದ ಷರಟಿನಲ್ಲೇ ಕವೆಗೋಲು, ಬುಟ್ಟಿ, ಕತ್ತೆಗಳನ್ನು ತಂದರು. ಫಾದರ್ ಲಾವೆಲ್ ತೋಳು ಮಡಚಿ ಎರಡು ಬುಟ್ಟಿ ಹೊತ್ತರು, ಮೂರನೆಯದಕ್ಕೆ ಸುಸ್ತಾಗಿ ಗೋಡೆಯ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಟ್ಟರು. ಸಂಜೆಯ ಹೊತ್ತಿಗೆ ತೋಟ ಕಪ್ಪಾಗಿತ್ತು. ಮರುದಿನ ಸೋರ್ಚಾ ಬಿತ್ತಿದಳು. ಆಚೆ ದಡಕ್ಕೆ ಹೋಗುವ ದೋಣಿಯಲ್ಲಿ ತಂಗಿಗೆ ಬಾಯಿಮಾತಿನ ಸುದ್ದಿ ಹೋಯಿತು, ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡು ಅಂತ.

ಆ ಬೇಸಿಗೆ ಗಿಡಗಳು ಗೋಡೆಯಿಂದ ಇಣುಕಿದವು. ಮೊದಲ ಗಡ್ಡೆ ಕಿತ್ತ ದಿನ ನಮ್ಮನ್ನೆಲ್ಲ ಕರೆದಿದ್ದಳು. ಬೇಯಿಸಿದ ಆಲೂಗಡ್ಡೆ ಬಾಯಿಬಿಟ್ಟು ನಗುತ್ತಿತ್ತು, ಮೇಲೆ ಬೆಣ್ಣೆ ಕರಗುತ್ತಿತ್ತು. ಮಾಕ್‌ದಾರಾ ಐದು ತಿಂದ, ಒಂದು ಮಾತೂ ಆಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೆಮ್ಮಿ, "ಚೆನ್ನಾಗಿತ್ತು" ಎಂದ. ಅವನ ಮಟ್ಟಿಗೆ ಅದು ಭಾಷಣ.

ಈಗಲೂ ಪ್ರತಿ ಚಳಿಗಾಲ ಆ ದಂಡೆಯ ಮೇಲೆ ಗುಪ್ಪೆ ಏಳುತ್ತದೆ. ಇಬ್ಬರೂ ಸೇರಿ ಹಾಕುತ್ತಾರೆ, ಎರಡೂ ತೋಟಕ್ಕೆ ಒಯ್ಯುತ್ತಾರೆ. ಅದರ ಮೇಲೆ ಕಲ್ಲಿಡುವುದಿಲ್ಲ. ನಾನು ಹಾದುಹೋಗುವಾಗ ಒಮ್ಮೊಮ್ಮೆ ನಿಂತು ಅಂಗೈ ಹಿಡಿಯುತ್ತೇನೆ, ಬಿಸಿಯಾಗಿರುತ್ತದೆ. ನೊಣ ಅಂದರೆ ನನಗೆ ಇನ್ನೂ ಆಗದು. ಆದರೆ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಆ ಹಳೆಯ ಚಪ್ಪಟೆ ಕಲ್ಲು ಸೋರ್ಚಾಳ ಬಾಗಿಲ ಪಕ್ಕದಲ್ಲಿದೆ. ಸಂಜೆ ಮಾಕ್‌ದಾರಾ ಬಂದರೆ ಅದರ ಮೇಲೆ ಕೂತು ಬೂಟು ಬಿಚ್ಚುತ್ತಾನೆ.